ಅಟ್ಟದ ಮೇಲಿನ ಅಕ್ಷರ

ಹುಡುಗರಾಗಿದ್ದಾಗ ನೀವೂ ಒಂದು ಗುಟ್ಟಿನ ಲಿಪಿಯನ್ನು ಕಟ್ಟಿದ್ದಿರಲ್ಲವೆ? ಸ್ವಲ್ಪ ನೆನಪು ಮಾಡಿಕೊಳ್ಳಿ. 'ಅ'ಕಾರಕ್ಕೆ ಒಂದು ಚುಕ್ಕೆ, 'ಕ'ಕಾರಕ್ಕೆ ಒಂದು ಕೊಡಲಿ, 'ಮ'ಕಾರಕ್ಕೆ ಮನೆಯ ಮಾಡು. ಹೀಗೆ ಒಂದು ಪಟ್ಟಿ ಮಾಡಿ, ಅದರ ಪ್ರತಿಯನ್ನು ಗೆಳೆಯನಿಗೊಂದು ಕೊಟ್ಟು, ತರಗತಿಯ ಆ ತುದಿಯಿಂದ ಈ ತುದಿಗೆ ಚೀಟಿ ಕಳುಹಿಸುತ್ತಿದ್ದೆವು. ಚೀಟಿ ಮೇಷ್ಟರ ಕೈಗೆ ಸಿಕ್ಕಿದರೂ ಹೆದರಿಕೆಯಿರಲಿಲ್ಲ. ಏಕೆಂದರೆ ಎಲ್ಲ ಬಲ್ಲ ಮೇಷ್ಟರಿಗೂ ಅದನ್ನು ಓದಲು ಬಾರದು!

ಇದು ಮಕ್ಕಳ ಚೇಷ್ಟೆ ಮಾತ್ರವೆಂದು ತಿಳಿಯಬೇಡಿ. ನಮ್ಮ ಹಿರಿಯರು ಎಣಿಸಿದ ಅರುವತ್ತನಾಲ್ಕು ಕಲೆಗಳಲ್ಲಿ ಗೂಢವಾಗಿ ಬರೆಯುವುದೂ ಒಂದು. ಮೂಲದೇವನ ಹೆಸರಿನಲ್ಲಿ ಬಂದಿರುವ ಒಂದು ಕ್ರಮದಲ್ಲಿ ಚವರ್ಗಕ್ಕೆ ಟವರ್ಗ, ತವರ್ಗಕ್ಕೆ ಪವರ್ಗ ಅದಲು ಬದಲಾಗುತ್ತವೆ. 'ತಪ'ವೆಂದು ಬರೆಯಬೇಕಾದಲ್ಲಿ 'ಪತ'ವೆಂದು ಬರೆಯುತ್ತಾರೆ. ದೂರದ ಅಮೆರಿಕದಲ್ಲಿ ಚೆರೊಕೀ ಜನಾಂಗದ ಸಿಕ್ವೋಯಾ ಎಂಬಾತ, ಇಂಗ್ಲಿಷ್ ಓದಲು ಬಾರದವನು, ತನ್ನ ಮಾತಿಗೆ ತಾನೇ ಎಂಬತ್ತು ಚಿಲ್ಲರೆ ಅಕ್ಷರಗಳನ್ನು ಕಲ್ಪಿಸಿ ೧೮೨೧ರಲ್ಲಿ ಜನರ ಮುಂದಿಟ್ಟ. ಮೊದಲು ಅದನ್ನು ಕಲಿತವಳು ಆತನ ಪುಟ್ಟ ಮಗಳು. ಇಂಗ್ಲೆಂಡಿನ ಪ್ರಾಧ್ಯಾಪಕ ಟೋಲ್ಕಿನ್ನರು ೧೯೫೪-೫೫ರಲ್ಲಿ ಪ್ರಕಟಿಸಿದ ತಮ್ಮ ಮಹಾಕಥೆಯ ಕಲ್ಪಿತ ಜನಕ್ಕೆ ಕಲ್ಪಿತ ಲಿಪಿಯನ್ನೇ ರಚಿಸಿಕೊಟ್ಟರು. ಅದನ್ನು ಮನೆಯಲ್ಲಿ ಕುಳಿತು ತಾವೇ ಕಲಿತು, ದಿನಚರಿ ಬರೆಯುವವರು ಇಂದಿಗೂ ಇದ್ದಾರೆ. ಕಥೆಯ ಲಿಪಿಗೆ ಅಷ್ಟು ಶ್ರಮವೇ ಎಂದು ನಗಬೇಡಿ. ಅಪರಿಚಿತವಾದ ಗೆರೆಯೊಂದು ಇದ್ದಕ್ಕಿದ್ದಂತೆ ಬಾಯಿಬಿಟ್ಟು ಮಾತಾಡುವ ಆ ಗಳಿಗೆಯ ಸುಖ, ಕಂಡವರಿಗೇ ಗೊತ್ತು.

ನಾನು ಇಂದು ಹೇಳಹೊರಟಿರುವ ಲಿಪಿ ಯಾರೂ ಕಲ್ಪಿಸಿದ್ದಲ್ಲ. ಆದರೆ ನಮಗೆ ಅದು ಕಲ್ಪಿತ ಲಿಪಿಗಿಂತಲೂ ಹೆಚ್ಚು ಅಪರಿಚಿತವಾಗಿಬಿಟ್ಟಿದೆ. ಅದರ ಹೆಸರು ತಿಗಳಾರಿ. ತೀರ್ಥಹಳ್ಳಿ, ಹೊಸನಗರ, ಸಾಗರದ ಸೀಮೆಯಲ್ಲಿ ಹುಟ್ಟಿದ ನಿಮ್ಮಲ್ಲಿ ಕೆಲವರ ಮನೆಯ ಅಟ್ಟದ ಮೇಲೆ, ಈ ಮಾತು ಕೇಳುತ್ತಿರುವ ಹೊತ್ತಿಗೂ, ಅದು ಕೆಂಪು ಬಟ್ಟೆಯಲ್ಲಿ ಸುತ್ತಿಕೊಂಡು ಮಲಗಿರಬಹುದು.

ನಮ್ಮ ಮನೆಯ ಸಂಗತಿಯನ್ನೇ ಹೇಳುತ್ತೇನೆ. ಎಂಟು ವರ್ಷಗಳ ಹಿಂದೆ ತೀರ್ಥಹಳ್ಳಿ ತಾಲೂಕಿನ ನಮ್ಮ ಹಳೆಯ ಮನೆಯನ್ನು ಬಿಚ್ಚಿದರು. ಹಂಚು ಇಳಿಸಿ, ಜಂತಿ ಬಿಡಿಸುವ ಮುನ್ನ ಅಡಿಗೆಮನೆಯ ಅಟ್ಟವನ್ನು ಬರಿದು ಮಾಡಬೇಕಾಯಿತು. ಅಲ್ಲಿ ತಾಳೆಗರಿಯ ಎರಡು ಕಟ್ಟುಗಳಿದ್ದವು. ಅವು ನಮಗೆ ಹೊಸವಲ್ಲ. ಪ್ರತಿ ನವರಾತ್ರಿಯಲ್ಲಿ ಸರಸ್ವತಿಪೂಜೆಯ ದಿನ ಕೆಳಗಿಳಿದು, ಮಣೆಯ ಮೇಲೆ ಕುಳಿತು, ಅರಿಸಿನ ಕುಂಕುಮ ಹೂವು ಪಡೆದು, ವಿಜಯದಶಮಿ ಕಳೆದ ಮೇಲೆ ಮತ್ತೆ ಅಟ್ಟ ಹತ್ತುತ್ತಿದ್ದವು. ಒಳಗೆ ಏನಿದೆಯೆಂದು ನಾವು ಯಾರೂ ಕೇಳಿದ್ದಿಲ್ಲ. ಕೇಳಿದ್ದರೂ ಹೇಳುವವರು ಇರಲಿಲ್ಲ.

"ಓದಲಿಕ್ಕೆ ಬರುವವರಿಲ್ಲ. ಹೊಸ ಮನೆಯಲ್ಲಿ ಅಟ್ಟವೂ ಇಲ್ಲ. ಕಸಕ್ಕೆ ಹಾಕಿದರೆ ಪಾಪ, ತುಂಗೆಗೆ ಬಿಡುವ" ಎಂದರು ದೊಡ್ಡಣ್ಣ. ಜೀರ್ಣವಾದ ಗ್ರಂಥವನ್ನು ಹೊಳೆಗೆ ಬಿಡುವುದು ಹಿಂದಿನಿಂದ ಬಂದ ಪದ್ಧತಿಯೇ. ಹಿಂದಿನವರು ಹಳೆಯ ಗರಿಯನ್ನು ಹೊಳೆಗೆ ಬಿಡುವ ಮೊದಲು ಹೊಸ ಗರಿಯ ಮೇಲೆ ಪ್ರತಿ ಮಾಡಿಕೊಳ್ಳುತ್ತಿದ್ದರು ಎಂಬುದು ಮಾತ್ರ ಆ ದಿನ ಯಾರಿಗೂ ನೆನಪಾಗಲಿಲ್ಲ. ನನಗೂ ಆಗಲಿಲ್ಲ. ಒಂದು ಕಟ್ಟನ್ನು ನಾನೇ ಕೈಯಾರೆ ನೀರಿಗೆ ಬಿಟ್ಟೆ. ಎರಡನೆಯದನ್ನು ನಮ್ಮ ಅತ್ತೆ, ತಂದೆಯವರ ತಂಗಿ, ಕೊಡಲಿಲ್ಲ. "ಒಂದಾದರೂ ಇರಲಿ ಮಾರಾಯ. ನವರಾತ್ರಿಗೆ ಮಣೆ ಮೇಲೆ ಎಂತ ಇಡುವುದು?" ಎಂದರು. ಆ ಒಂದು ಮಾತಿನಿಂದ ಆ ಕಟ್ಟು ಉಳಿಯಿತು.

ಉಳಿದದ್ದನ್ನು ನೋಡಿದಾಗಲೆಲ್ಲ ಹೋದದ್ದರ ನೆನಪು ಚುಚ್ಚತೊಡಗಿತು. ಅದರಲ್ಲಿ ಏನಿತ್ತು? ಅಕ್ಷರ ಬಲ್ಲೆನೆಂದು ಬೀಗುವ ನಾನು, ನಮ್ಮದೇ ಮನೆಯ ಅಕ್ಷರದ ಮುಂದೆ ನಿರಕ್ಷರಕುಕ್ಷಿ! ಹಾಗಾದರೆ ಕಲಿಯಬಾರದೇಕೆ ಎಂದುಕೊಂಡೆ. ಕಲಿಸುವವರು ಹತ್ತಿರದಲ್ಲಿ ಇರಲಿಲ್ಲ. ನಾನೇ ಕಲಿತೆ. ಹೇಗೆಂಬುದನ್ನು ಹೇಳುವ ಮೊದಲು ಲಿಪಿಯ ಕುಲಗೋತ್ರವನ್ನು ಎರಡು ಮಾತಿನಲ್ಲಿ ತಿಳಿಸಬೇಕು.

ಹಳಗನ್ನಡದಲ್ಲಿ ತಿಗುಳರೆಂದರೆ ತಮಿಳರು. ತಮಿಳುನಾಡಿನಲ್ಲಿ ಸಂಸ್ಕೃತವನ್ನು ಬರೆಯಲು ಗ್ರಂಥವೆಂಬ ಲಿಪಿ ಬಳಕೆಯಲ್ಲಿತ್ತು. ಆ ಗ್ರಂಥಲಿಪಿ ಪಡುವಣ ಕರಾವಳಿಗೆ ಬಂದು ಎರಡು ಕವಲಾಯಿತು. ಒಂದು ಮಲಯಾಳ ಲಿಪಿ. ಇನ್ನೊಂದು ನಮ್ಮ ತಿಗಳಾರಿ. ಘಟ್ಟದ ಮೇಲೆ ತಿಗಳಾರಿಯೆನ್ನುವುದನ್ನೇ ಕರಾವಳಿಯಲ್ಲಿ ತುಳು ಲಿಪಿಯೆನ್ನುತ್ತಾರೆ. ಹವ್ಯಕರು, ಶಿವಳ್ಳಿಯವರು, ಕೋಟದವರು ವೇದ, ಸ್ತೋತ್ರ, ಪೂಜಾಪ್ರಯೋಗ, ಜ್ಯೋತಿಷಗಳನ್ನು ಇದರಲ್ಲಿ ಬರೆದುಕೊಂಡರು. ಕಾಸರಗೋಡಿನ ಕಡೆಯ ವಿದ್ವಾಂಸರಾದ ವೆಂಕಟರಾಜ ಪುಣಿಂಚತ್ತಾಯರು ಹುಡುಕಿ ಸಂಪಾದಿಸಿದ ಹಳೆಯ ತುಳು ಕಾವ್ಯಗಳು ಈ ಲಿಪಿಯ ಗರಿಗಳಲ್ಲೇ ಅಡಗಿದ್ದವು. ನಮ್ಮ ಸೀಮೆಯಲ್ಲಾದರೆ, ಸಾಗರ ತಾಲೂಕಿನ ಕೆಳದಿಯಲ್ಲಿ ಗುಂಡಾಜೋಯಿಸರ ಶ್ರಮದಿಂದ ಬೆಳೆದ ವಸ್ತುಸಂಗ್ರಹಾಲಯದಲ್ಲಿ ಇಂಥ ನೂರಾರು ಕಟ್ಟುಗಳು ಸೇರಿವೆ.

ಇನ್ನು ಕಲಿಯುವ ಕ್ರಮ. ಅಕ್ಷರಮಾಲೆಯ ಪಟ್ಟಿ ಈಗ ಮುದ್ರಿತ ಕೈಪಿಡಿಗಳಲ್ಲಿ ಸಿಗುತ್ತದೆ. ನಾನೂ ಒಂದು ಪಟ್ಟಿಯನ್ನು ಎದುರಿಗಿಟ್ಟುಕೊಂಡು, ಗರಿಯ ಮೊದಲ ಅಕ್ಷರದಿಂದ ಹೊರಟೆ. ಮೂರು ದಿನ ಕಳೆದರೂ ಒಂದು ಸಾಲು ಸಾಗಲಿಲ್ಲ. ಪಟ್ಟಿಯ ಅಕ್ಷರ ಮುದ್ರಣಕ್ಕೆ ತಿದ್ದಿ ತೀಡಿದ್ದು. ಗರಿಯ ಅಕ್ಷರ ಒಬ್ಬ ಮನುಷ್ಯನ ಕೈಬರಹ. ನಿಮ್ಮ ಕೈಬರಹಕ್ಕೂ ಪಾಠಪುಸ್ತಕದ ಅಕ್ಷರಕ್ಕೂ ಇರುವಷ್ಟೇ ದೂರ ಅಲ್ಲಿಯೂ ಉಂಟು.

ಆಗ ನನಗೆ ನೆನಪಾದದ್ದು ಜೇಮ್ಸ್ ಪ್ರಿನ್ಸೆಪ್. ಅಶೋಕನ ಕಾಲದ ಬ್ರಾಹ್ಮೀ ಲಿಪಿಯನ್ನು ಓದಬಲ್ಲವರು ಒಬ್ಬರೂ ಇಲ್ಲದ ಕಾಲದಲ್ಲಿ, ೧೮೩೭ರಲ್ಲಿ, ಆತ ಅದನ್ನು ಬಿಡಿಸಿದ. ಸಾಂಚಿಯ ಸ್ತೂಪದ ಕಲ್ಲುಗಳ ಮೇಲೆ ಚಿಕ್ಕ ಚಿಕ್ಕ ಬರಹಗಳು ಹೇರಳವಾಗಿದ್ದವು. ಬಹುಪಾಲು ಅದೇ ಎರಡು ಅಕ್ಷರಗಳಿಂದ ಮುಗಿಯುತ್ತಿದ್ದವು. ದೇವಸ್ಥಾನದ ಕಲ್ಲಿನ ಮೇಲೆ ಭಕ್ತರು ಏನು ಬರೆಯಿಸುತ್ತಾರೆ? ಇಂಥವರ ದಾನ ಎಂದಲ್ಲವೆ? ಹಾಗಾದರೆ ಆ ಎರಡು ಅಕ್ಷರ 'ದಾನಂ' ಎಂದಿರಬೇಕೆಂದು ಊಹಿಸಿದ. ಊಹೆ ನಿಜವಾಯಿತು. ಅಲ್ಲಿಂದ ಒಂದೊಂದೇ ಅಕ್ಷರ ಬಿಡಿಸಿಕೊಂಡಿತು.

ಇದರ ಪಾಠವೇನು? ಗೊತ್ತಿಲ್ಲದ ಲಿಪಿಯಲ್ಲಿ ಗೊತ್ತಿರುವ ಮಾತನ್ನು ಹುಡುಕು. ತಿಗಳಾರಿಯ ಕಲಿಕೆಗೆ ಇದು ಬಂಗಾರದಂಥ ಉಪಾಯ. ಏಕೆಂದರೆ ಆ ಗರಿಗಳಲ್ಲಿ ಬಹುಪಾಲು ಇರುವುದು ನಮ್ಮ ಮನೆಗಳಲ್ಲಿ ದಿನವೂ ಬಾಯಲ್ಲಿ ಹೇಳುವ ಸ್ತೋತ್ರ, ಸೂಕ್ತ, ಸಂಕಲ್ಪಗಳೇ. ನಿಮ್ಮ ಕಣ್ಣಿಗೆ ಬಾರದ್ದು ನಿಮ್ಮ ನಾಲಿಗೆಗೆ ಆಗಲೇ ಬರುತ್ತದೆ! 'ನಮಃ' ಎಂಬ ಮಾತು ಒಂದು ಗರಿಯಲ್ಲಿ ಹತ್ತು ಸಲ ಬಂದೀತು. ಅದನ್ನು ಹಿಡಿದರೆ ನಕಾರ, ಮಕಾರ, ವಿಸರ್ಗ ಮೂರೂ ಕೈಸೇರಿದವು. ಹೀಗೆ ಸಿಕ್ಕ ಅಕ್ಷರಗಳನ್ನು ಆ ಬರಹಗಾರನ ಕೈಯಿಂದಲೇ ಎತ್ತಿ, ನಿಮ್ಮದೇ ಒಂದು ಪಟ್ಟಿ ಮಾಡಿಕೊಳ್ಳಿ. ದಿನಕ್ಕೆ ಐದು ಅಕ್ಷರ ಸಾಕು.

ಕನ್ನಡ ಬಲ್ಲವರು ಎಡವುವುದು ಮುಖ್ಯವಾಗಿ ಮೂರು ಕಡೆ. ಮೊದಲನೆಯದು ಏತ್ವ. ನಾವು 'ಕೇ' ಎಂದು ಬರೆಯುವಾಗ ಮೊದಲು ಕಕಾರ ಬರೆದು ಅದರ ಮೇಲೆ ಏತ್ವ ಕೊಡುತ್ತೇವೆ. ತಿಗಳಾರಿಯಲ್ಲಿ ಏತ್ವದ ಗುರುತು ವ್ಯಂಜನಕ್ಕಿಂತ ಮುಂಚೆ, ಎಡಗಡೆ, ಬರುತ್ತದೆ, ಮಲಯಾಳದಲ್ಲಿಯೂ ಹೀಗೆಯೇ. ಕಣ್ಣಿಗೆ ಮೊದಲು ಕಂಡದ್ದನ್ನು ಬಾಯಿ ಕಡೆಗೆ ಹೇಳಬೇಕು. ಹದಿನೈದು ದಿನ ಇದು ತಬ್ಬಿಬ್ಬು ಮಾಡುತ್ತದೆ. ಆಮೇಲೆ ಅದೇ ರೂಢಿಯಾಗುತ್ತದೆ.

ಎರಡನೆಯದು, ಮಾತು ಮಾತಿನ ನಡುವೆ ತೆರವಿಲ್ಲ. ಗರಿ ಬೆಲೆಯುಳ್ಳದ್ದು, ಜಾಗ ಬಿಡುವ ದುಂದು ಅಂದಿನವರಿಗೆ ಇರಲಿಲ್ಲ. ಎಲ್ಲಿ ಕಡಿಯಬೇಕೆಂಬುದನ್ನು ಕಿವಿಯೇ ತಿಳಿಸಬೇಕು. ಆದುದರಿಂದ ಮನಸ್ಸಿನಲ್ಲಿ ಓದಬೇಡಿ, ಗಟ್ಟಿಯಾಗಿ ಓದಿ.

ಮೂರನೆಯದು ಸ್ವಾರಸ್ಯವಾದದ್ದು. ಸಂಸ್ಕೃತದಲ್ಲಿ ಹ್ರಸ್ವವಾದ ಎಕಾರ ಒಕಾರಗಳಿಲ್ಲ. ಸಂಸ್ಕೃತಕ್ಕೆಂದು ಬೆಳೆದ ಈ ಲಿಪಿ ಅವೆರಡಕ್ಕೂ ದೀರ್ಘಕ್ಕೂ ಬೇರೆ ಗುರುತನ್ನು ಇಟ್ಟುಕೊಳ್ಳಲಿಲ್ಲ. ಕನ್ನಡವನ್ನು ಇದರಲ್ಲಿ ಬರೆದರೆ 'ಬೆಳೆ'ಯೂ 'ಬೇಳೆ'ಯೂ ಒಂದೇ, 'ಕೊಡಿ'ಯೂ 'ಕೋಡಿ'ಯೂ ಒಂದೇ! ಈಗ ಕರ್ನಾಟಕ ತುಳು ಸಾಹಿತ್ಯ ಅಕಾಡೆಮಿಯವರು ಕಲಿಸುವ ತುಳು ಲಿಪಿ ಇದೇ ಮನೆತನದ್ದಾದರೂ, ಹೊಸ ಪಟ್ಟಿಗೂ ಹಳೆಯ ಗರಿಗೂ ಅಲ್ಲಲ್ಲಿ ಅಂತರವುಂಟೆಂಬುದನ್ನು ನೆನಪಿಡಿ.

ಓದಿದರೆ ಸಾಲದು, ಬರೆಯಲೂ ಬೇಕು. ಕಣ್ಣು ಮೋಸಹೋಗುತ್ತದೆ, ಕೈ ಅಷ್ಟು ಬೇಗ ಮೋಸಹೋಗುವುದಿಲ್ಲ. ಒಂದೇ ಬಗೆಯೆಂದು ಕಾಣುವ ಎರಡು ಅಕ್ಷರಗಳನ್ನು ಬರೆದು ನೋಡಿದಾಗ, ಒಂದರಲ್ಲಿ ಸುಳಿ ಒಳಗೆ ತಿರುಗುತ್ತದೆ, ಇನ್ನೊಂದರಲ್ಲಿ ಹೊರಗೆ ಎಂಬುದು ಬೆರಳಿಗೆ ಗೊತ್ತಾಗುತ್ತದೆ. ಅಕ್ಷರವೆಲ್ಲ ಏಕೆ ಹೀಗೆ ದುಂಡಗಿದೆಯೆಂಬುದೂ ತಿಳಿಯುತ್ತದೆ: ಹಿಂದಿನವರು ಬರೆದದ್ದು ಶಾಯಿಯಿಂದಲ್ಲ, ಕಂಠವೆಂಬ ಕಬ್ಬಿಣದ ಮೊನೆಯಿಂದ. ಗರಿಯ ನಾರಿನ ಉದ್ದಕ್ಕೆ ನೇರ ಗೀರಿದರೆ ಗರಿ ಸೀಳುತ್ತದೆ. ಕೊರೆದ ಮೇಲೆ ಮಸಿ ಸವರಿ ಒರೆಸಿದರೆ, ಕೊರೆದ ಗೆರೆಯಲ್ಲಿ ಮಾತ್ರ ಕಪ್ಪು ನಿಲ್ಲುತ್ತದೆ.

ನಾನು ಅಭ್ಯಾಸಕ್ಕೆಂದು ಅಡಿಗೆಮನೆಯ ಡಬ್ಬಿಗಳ ಮೇಲೆ ಉಪ್ಪು, ಜೀರಿಗೆ, ಬೇಳೆ ಎಂದು ತಿಗಳಾರಿಯಲ್ಲಿ ಚೀಟಿ ಅಂಟಿಸಿದೆ. ಮನೆಯವರು ಎರಡು ದಿನ ಗೊಣಗಿದರು. ಮೂರನೆಯ ದಿನ ಮಗಳು, "ಅಪ್ಪಾ, ಇದು ಬೇಳೆಯೋ ಬೆಳೆಯೋ?" ಎಂದು ಕೇಳಿದಳು. ನನಗಿಂತ ಮೊದಲೇ ಅವಳು ಓದತೊಡಗಿದ್ದಳು. ಮಕ್ಕಳಿಗೆ ಇದನ್ನು ಪಾಠವೆಂದು ಕೊಡಬೇಡಿ. ಗುಟ್ಟಿನ ಲಿಪಿಯೆಂದು ಕೊಡಿ. ಮೇಷ್ಟರಿಗೂ ಓದಲು ಬಾರದೆಂದು ಒಂದು ಮಾತು ಸೇರಿಸಿ. ಆಮೇಲೆ ನೀವು ಹೇಳಿಕೊಡುವ ಅಗತ್ಯವೇ ಇರುವುದಿಲ್ಲ.

ಮಳೆಗಾಲದಲ್ಲಿ ಗರಿಯನ್ನು ಬಿಚ್ಚಬಾರದು. ನಮ್ಮ ಕಡೆಯ ಥಂಡಿ ಅದಕ್ಕೆ ಶತ್ರು. ಬೇಸಿಗೆಯಲ್ಲೇ, ಬೆಳಕು ಓರೆಯಾಗಿ ಬೀಳುವ ಕಿಟಕಿಯ ಬಳಿ ಒಂದೊಂದೇ ಗರಿಯನ್ನಿಟ್ಟು, ಮೊಬೈಲಿನಲ್ಲಿ ಚಿತ್ರ ತೆಗೆಸಿಕೊಂಡಿದ್ದೆ. ಆರಿದ್ರಾ ಮಳೆ ಹಿಡಿದಾಗ ಆ ಚಿತ್ರಗಳ ಮುಂದೆ ಕುಳಿತವನಿಗೆ, ಮಘೆ ಮಳೆಯ ಹೊತ್ತಿಗೆ ಕೂಡಿಸಿ ಕೂಡಿಸಿ ಓದುವಷ್ಟು ಬಂತು. ಒಂದು ಸಂಜೆ ಹೊರಗೆ ಧೋ ಎಂದು ಸುರಿಯುತ್ತಿತ್ತು. ನಾನು ಒಂದು ಸಾಲನ್ನು ತಡವರಿಸಿ ಓದುತ್ತ, ಅರ್ಧದಲ್ಲಿ ನಿಂತೆ. ಪಕ್ಕದಲ್ಲಿ ಹೂಬತ್ತಿ ಹೊಸೆಯುತ್ತಿದ್ದ ಅತ್ತೆ, ತಲೆಯೆತ್ತದೆ, ಉಳಿದರ್ಧವನ್ನು ಹೇಳಿ ಮುಗಿಸಿದರು. ಮುಂದಿನ ಸಾಲನ್ನೂ ಹೇಳಿದರು. ಚಿತ್ರದಲ್ಲಿ ಬೆರಳಿಟ್ಟು ನೋಡಿದೆ; ಅಕ್ಷರ ಬಿಡದೆ ಅದೇ ಇತ್ತು. ಅವರು ಶಾಲೆಗೆ ಹೋದವರಲ್ಲ. ತಮ್ಮ ಅಜ್ಜಿಯ ಬಾಯಿಂದ ಕೇಳಿ ಕಲಿತವರು.

"ಎಂತ ಓದ್ತಾ ಇದ್ದೀಯ? ಇದು ನಮ್ಮ ಸಂಜೆ ಸ್ತೋತ್ರ ಅಲ್ದಾ?" ಎಂದರು. ಅದೇ, ಅತ್ತೆ, ನೀವು ಹೊಳೆಗೆ ಬಿಡಗೊಡದ ಕಟ್ಟಿನಲ್ಲಿರುವುದು ಎಂದೆ. ಅವರು ಬತ್ತಿ ಕೆಳಗಿಟ್ಟು ಬಹಳ ಹೊತ್ತು ಆ ಚಿತ್ರವನ್ನೇ ನೋಡಿದರು. ಗರಿಯ ಮೇಲಿನ ಅಕ್ಷರ ಒಂದು ದಾರಿ ಹಿಡಿದು, ಹೆಂಗಸರ ಬಾಯಿಯ ಮಾತು ಇನ್ನೊಂದು ದಾರಿ ಹಿಡಿದು, ಹೊರಟ ಮನೆಯಲ್ಲೇ ಮತ್ತೆ ಭೇಟಿಯಾಗಿದ್ದವು.

ಇಷ್ಟೆಲ್ಲ ಶ್ರಮಪಟ್ಟು ಸಿಕ್ಕಿದ್ದೇನು ಎಂದು ನೀವು ಕೇಳಬಹುದು. ಮರೆಮಾಚದೆ ಹೇಳುತ್ತೇನೆ. ನಮ್ಮ ಕಟ್ಟಿನಲ್ಲಿ ಯಾವ ಕಾಣೆಯಾದ ಮಹಾಕಾವ್ಯವೂ ಇರಲಿಲ್ಲ. ಕೆಲವು ಸ್ತೋತ್ರಗಳು, ಒಂದು ಪೂಜಾಪ್ರಯೋಗ, ಕಡೆಯಲ್ಲಿ ಎರಡು ಗರಿ ಕನ್ನಡ ಮಾತಿನಲ್ಲಿ ಮಕ್ಕಳ ಜ್ವರಕ್ಕೆ ಕಷಾಯದ ವಿವರ. ಇಂಥ ಕಟ್ಟುಗಳಲ್ಲಿ ಹೆಚ್ಚಿನವು ಇಂಥವೇ. ಆದರೆ ಯಾವುದರಲ್ಲಿ ಏನಿದೆಯೆಂದು ಓದುವ ಮೊದಲು ಯಾರು ಬಲ್ಲರು? ೧೯೦೫ರಲ್ಲಿ ಮೈಸೂರಿನ ಪ್ರಾಚ್ಯ ಪುಸ್ತಕ ಭಂಡಾರಕ್ಕೆ ತಂಜಾವೂರು ಕಡೆಯ ಪಂಡಿತರೊಬ್ಬರಿಂದ ಒಂದು ತಾಳೆಗರಿ ಕಟ್ಟು ಬಂದಿತು. ಅದರ ಅಕ್ಷರ ಗ್ರಂಥಲಿಪಿ, ನಮ್ಮ ತಿಗಳಾರಿಯ ಮೂಲದ್ದು. ಆರ್. ಶಾಮಾಶಾಸ್ತ್ರಿಗಳು ಆ ಲಿಪಿಯನ್ನು ಬಲ್ಲವರು. ಬಿಚ್ಚಿ ಓದಿದರು. ಅದು ಕೌಟಿಲ್ಯನ ಅರ್ಥಶಾಸ್ತ್ರ! ಶತಮಾನಗಳಿಂದ ಹೆಸರು ಮಾತ್ರ ಕೇಳಿದ್ದ ಗ್ರಂಥವನ್ನು ಅವರು ೧೯೦೯ರಲ್ಲಿ ಅಚ್ಚು ಹಾಕಿಸಿ ಲೋಕಕ್ಕೆ ಕೊಟ್ಟರು. ಆ ಪಂಡಿತರ ಮನೆಯವರು ಅದನ್ನು ಕಾವೇರಿಗೆ ಬಿಟ್ಟಿದ್ದರೆ? ನನ್ನ ಕೈಯಿಂದ ತುಂಗೆಗೆ ಹೋದದ್ದೇನೆಂಬ ಪ್ರಶ್ನೆಗೆ ಇನ್ನು ಉತ್ತರವಿಲ್ಲ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಕಲಿಯುವ ಉತ್ಸಾಹದಲ್ಲಿ ಗರಿಗೆ ನೀರು, ಕೊಬ್ಬರಿ ಎಣ್ಣೆ, ಪೌಡರು ಏನನ್ನೂ ಸವರಬೇಡಿ. ಅಂಟಿಕೊಂಡ ಗರಿಯನ್ನು ಬಲವಂತವಾಗಿ ಬಿಡಿಸಬೇಡಿ. ಅಡಿಗೆಮನೆಯ ಅಟ್ಟದಲ್ಲಿ ಒಲೆಯ ಹೊಗೆ ಅವನ್ನು ಹುಳುವಿನಿಂದ ಕಾಪಾಡುತ್ತಿತ್ತು. ಗ್ಯಾಸಿನ ಒಲೆ ಬಂದ ಮೇಲೆ ಆ ರಕ್ಷಣೆಯೂ ಹೋಯಿತು. ಶುದ್ಧಮಾಡಿ ನಿಂಬೆಹುಲ್ಲಿನ ಎಣ್ಣೆ ಹಚ್ಚುವ ಕ್ರಮವೊಂದುಂಟು. ಅದನ್ನು ಬಲ್ಲವರಿಂದಲೇ ಮಾಡಿಸಬೇಕು. ಮನೆಯಲ್ಲಿಟ್ಟುಕೊಳ್ಳಲಾಗದಿದ್ದರೆ ಕೆಳದಿಗೋ, ಮೈಸೂರಿನ ಪ್ರಾಚ್ಯ ವಿದ್ಯಾ ಸಂಶೋಧನಾಲಯಕ್ಕೋ ಒಯ್ದು ವಿಚಾರಿಸಿ. ಹೊಳೆಗೆ ಮಾತ್ರ ಬೇಡ.

ಕಾಲವೂ ಈಗ ಈ ಲಿಪಿಗೆ ಸ್ವಲ್ಪ ಒಲಿದಿದೆ. ಲೋಕದ ಲಿಪಿಗಳಿಗೆಲ್ಲ ಗಣಕಯಂತ್ರದಲ್ಲಿ ಸ್ಥಾನ ಕೊಡುವ ಯೂನಿಕೋಡ್ ಪಟ್ಟಿಯಲ್ಲಿ ೨೦೨೪ರ ಸೆಪ್ಟೆಂಬರಿನಲ್ಲಿ ತುಳು-ತಿಗಳಾರಿಗೂ ಸ್ಥಾನ ದೊರೆಯಿತು. ಎಂಬತ್ತು ಗುರುತುಗಳು, ವೇದದ ಸ್ವರಚಿಹ್ನೆಗಳೂ ಅದರಲ್ಲಿ ಸೇರಿವೆ. ಅದೇ ವರ್ಷ ಅದೇ ಪಟ್ಟಿಗೆ ಸೇರಿದ ಇನ್ನೊಂದು ಲಿಪಿ ಗಾರೈ. ಆಫ್ರಿಕದ ಸೆನೆಗಲ್ ದೇಶದಲ್ಲಿ ಅಸಾನ್ ಫಾಯ್ ಎಂಬ ಒಬ್ಬ ಮನುಷ್ಯ ೧೯೬೧ರಲ್ಲಿ ತನ್ನ ಮಾತಿಗೆಂದು ಕಲ್ಪಿಸಿದ್ದು. ಒಬ್ಬನ ಕಲ್ಪನೆಯ ಲಿಪಿಯೂ, ನೂರಾರು ವರ್ಷ ಸಾವಿರ ಕೈಗಳು ಬರೆದ ಲಿಪಿಯೂ ಒಂದೇ ಪಂಕ್ತಿಯಲ್ಲಿ ಕುಳಿತಿವೆ. ಲಿಪಿ ಹುಟ್ಟಿದ್ದು ಹೇಗೆಂಬುದು ಅಷ್ಟು ಮುಖ್ಯವಲ್ಲ. ಓದುವವರಿದ್ದಾರೆಯೇ ಎಂಬುದು ಮುಖ್ಯ. ಓದುವ ಕಣ್ಣಿಲ್ಲದಿದ್ದರೆ ಯಂತ್ರದಲ್ಲಿ ಸ್ಥಾನ ಸಿಕ್ಕಿಯೂ ಅದು ಹೊಸ ಬಗೆಯ ಅಟ್ಟವೇ ಸರಿ.

ಕಡೆಯ ಗರಿಯ ಮಾತು ಹೇಳಿ ಮುಗಿಸುತ್ತೇನೆ. ಅದನ್ನು ಓದಿದ್ದು ಆ ವರ್ಷದ ಸರಸ್ವತಿಪೂಜೆಯ ದಿನ, ಎಲ್ಲರ ಎದುರಿಗೆ. ಮೊದಲ ಬಾರಿಗೆ ಕಟ್ಟು ಮಣೆಯ ಮೇಲೆ ಬಿಚ್ಚಿಕೊಂಡು ಕುಳಿತಿತ್ತು. ಪ್ಲವ ಸಂವತ್ಸರದ ಶ್ರಾವಣದಲ್ಲಿ ಬರೆದು ಮುಗಿಸಿದ್ದೆಂದು ಅದರಲ್ಲಿತ್ತು, ಶಕವರ್ಷವಿರಲಿಲ್ಲ. ಸಂವತ್ಸರ ಅರುವತ್ತು ವರ್ಷಕ್ಕೊಮ್ಮೆ ಮರಳಿ ಬರುವುದರಿಂದ ಅದು ೧೯೦೧ ಇರಬಹುದು, ೧೮೪೧ ಇರಬಹುದು, ಇನ್ನೂ ಹಿಂದಿನದೂ ಇರಬಹುದು. ಅದರ ಕೆಳಗೆ ಹಳೆಯ ಲಿಪಿಕಾರರೆಲ್ಲ ಬರೆಯುವ ವಾಡಿಕೆಯ ಪ್ರಾರ್ಥನೆಯಿತ್ತು: ಬೆನ್ನು ಕತ್ತು ಬಾಗಿಸಿ ಕಷ್ಟಪಟ್ಟು ಬರೆದಿದ್ದೇನೆ, ಎಣ್ಣೆಯಿಂದಲೂ ನೀರಿನಿಂದಲೂ ಇದನ್ನು ಕಾಯಬೇಕು, ತಿಳಿಯದವನ ಕೈಗೆ ಕೊಡಬಾರದು ಎಂಬ ಅರ್ಥದ್ದು.

ನೀರಿನಿಂದ ಕಾಯಬೇಕೆಂಬ ಮಾತು ಬಂದಾಗ ನಾನು ದೊಡ್ಡಣ್ಣನ ಮುಖ ನೋಡಲಿಲ್ಲ. ಅವರೂ ನನ್ನ ಮುಖ ನೋಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅವರು, "ಇನ್ನೊಂದು ಸಲ ಓದು, ನಿಧಾನಕ್ಕೆ" ಎಂದರು. ಓದಿದೆ.

ನಿಮ್ಮ ಮನೆಯ ಅಟ್ಟದ ಮೇಲೆಯೂ ಅಂಥದೊಂದು ಕಟ್ಟಿದ್ದರೆ, ಈ ಬೇಸಿಗೆಯಲ್ಲಿ ಏಣಿ ಹಾಕಿ. ಅಕ್ಷರ ಬಾರದೆಂದು ಅಂಜಬೇಡಿ; ಒಂದು ಮಳೆಗಾಲ ಸಾಕು. ಮನೆಯಲ್ಲಿ ಹಾಡು ಹಸೆ ಬಲ್ಲ ಹಿರಿಯರು ಯಾರಾದರೂ ಇದ್ದರೆ ಅವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಅರ್ಧ ಸಾಲು ನೀವು ಓದಿ. ಉಳಿದರ್ಧ ಅವರಿಗೆ ಬರುತ್ತಿರಬಹುದು.